ಅಜ್ಜಂದಿರ ವಯಸ್ಸು ಸಾಕು, ಡ್ರಮ್ಮಿನ ಸುದ್ದಿ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೆಯ ರಾಕ್ ತಂಡವೊಂದು ಹೊಸ ಆಲ್ಬಂ ತಂದಾಗ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಕ್ಕೆ ಒಂದು ಸಿದ್ಧ ಅಚ್ಚಿದೆ. ಮೊದಲ ಸಾಲಿನಲ್ಲಿ ಗಾಯಕರ ವಯಸ್ಸು, ಎರಡನೆಯದರಲ್ಲಿ ಮೊಮ್ಮಕ್ಕಳ ಲೆಕ್ಕ, ಕೊನೆಗೆ ‘ಈ ಇಳಿವಯಸ್ಸಿನಲ್ಲೂ ಎಂಥ ಉತ್ಸಾಹ’ ಎಂಬ ಉದ್ಗಾರ. ಹಾಡಿನಲ್ಲಿ ಯಾರು ಏನು ನುಡಿಸಿದ್ದಾರೆ, ಧ್ವನಿಮುದ್ರಣ ಹೇಗೆ ಕೂತಿದೆ, ಎಲ್ಲಿ ಕೆಟ್ಟಿದೆ ಎಂಬುದು ಇರುವುದೇ ಇಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ‘ಹ್ಯಾಕ್ನಿ ಡೈಮಂಡ್ಸ್’ 2023ರ ಅಕ್ಟೋಬರ್ 20ರಂದು ಬಂತು. ಆ ಹೊತ್ತಿಗೆ ಗಾಯಕ ಮಿಕ್ ಜ್ಯಾಗರ್‌ಗೆ 80, ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್‌ಗೆ 79, ಅವರ ಜೋಡಿ ಗಿಟಾರಿಗ ರಾನಿ ವುಡ್‌ಗೆ 76. ವಯಸ್ಸಿನ ಮಾತು ಇಲ್ಲಿಗೆ ಮುಗಿಯಿತು. ಈ ಆಲ್ಬಮ್ಮಿನ ಗುಣವಾಗಲಿ ದೋಷವಾಗಲಿ ಆ ಅಂಕಿಗಳಲ್ಲಿಲ್ಲ; ಡ್ರಮ್ಮಿನಲ್ಲಿದೆ, ಆ ಡ್ರಮ್ಮನ್ನು ಮುದ್ರಣದಲ್ಲಿ ಏನು ಮಾಡಿದರು ಎಂಬುದರಲ್ಲಿದೆ. ಅದನ್ನು ಹೇಳಲೆಂದೇ ಈ ಪತ್ರ.

ಮೊದಲು ಎರಡು ತಿದ್ದುಪಡಿ. ‘18 ವರ್ಷಗಳ ನಂತರದ ಆಲ್ಬಂ’ ಎನ್ನುವುದು ಅರ್ಧ ನಿಜ. 2005ರ ‘ಎ ಬಿಗ್ಗರ್ ಬ್ಯಾಂಗ್’ ಆದ ಮೇಲೆ ಸ್ವಂತ ಹಾಡುಗಳ ಆಲ್ಬಂ ಬಂದಿರಲಿಲ್ಲ, ಅಷ್ಟೇ. ನಡುವೆ 2016ರ ಡಿಸೆಂಬರ್‌ನಲ್ಲಿ ‘ಬ್ಲೂ ಆ್ಯಂಡ್ ಲೋನ್‌ಸಮ್’ ಬಂದಿದೆ: ಬೇರೆಯವರ ಹಳೆಯ ಬ್ಲೂಸ್ ಹಾಡುಗಳು 12, ಲಂಡನ್ನಿನ ಬ್ರಿಟಿಷ್ ಗ್ರೋವ್ ಸ್ಟುಡಿಯೊದಲ್ಲಿ 2015ರ ಡಿಸೆಂಬರ್‌ನಲ್ಲಿ ಮೂರೇ ದಿನದಲ್ಲಿ ಮುದ್ರಿಸಿದ್ದು. ಪಕ್ಕದ ಕೋಣೆಯಲ್ಲಿ ತಮ್ಮ ಕೆಲಸಕ್ಕೆಂದು ಬಂದಿದ್ದ ಎರಿಕ್ ಕ್ಲಾಪ್ಟನ್ ಎರಡು ಹಾಡಿಗೆ ಗಿಟಾರ್ ನುಡಿಸಿ ಹೋದರು. ಡ್ರಮ್ಮರ್ ಚಾರ್ಲಿ ವಾಟ್ಸ್ ಬದುಕಿದ್ದಾಗ ಹೊರಬಂದ ಕೊನೆಯ ಸ್ಟುಡಿಯೊ ಆಲ್ಬಂ ಅದು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಮುಂದಿನ ಮಾತು ಯಾವುದೂ ಅರ್ಥವಾಗುವುದಿಲ್ಲ. ಇನ್ನೊಂದು, ಹೆಸರಿನ ವಿಷಯ. ಹ್ಯಾಕ್ನಿ ಎಂದರೆ ಪೂರ್ವ ಲಂಡನ್ನಿನ ಒಂದು ಭಾಗ. ಕಾರಿನ ಗಾಜು ಒಡೆದು ಕಳ್ಳತನ ಮಾಡಿದ ಮೇಲೆ ರಸ್ತೆಯಲ್ಲಿ ಮಿನುಗುತ್ತ ಬಿದ್ದಿರುತ್ತವಲ್ಲ ಚೂರುಗಳು, ಅವಕ್ಕೆ ಲಂಡನ್ನಿನ ಪುಂಡರ ಭಾಷೆಯಲ್ಲಿ ‘ಹ್ಯಾಕ್ನಿ ವಜ್ರ’ ಎನ್ನುತ್ತಾರೆ. ಬಿಡುಗಡೆಗೆ ಮುನ್ನ ಅಲ್ಲಿನ ಸ್ಥಳೀಯ ಪತ್ರಿಕೆ ‘ಹ್ಯಾಕ್ನಿ ಗೆಜೆಟ್’ನಲ್ಲಿ ಗಾಜು ರಿಪೇರಿ ಅಂಗಡಿಯ ಜಾಹೀರಾತಿನ ವೇಷದಲ್ಲಿ ಸುಳಿವು ಕೊಟ್ಟರು. ಹಾಗಾಗಿ ಇದನ್ನು ‘ವಜ್ರದಂಥ ಹಾಡುಗಳು’ ಎಂದು ಹೊಗಳಿದರೆ ಹಾಸ್ಯ ತಪ್ಪಿಹೋಗುತ್ತದೆ.

ಈಗ ಡ್ರಮ್ಮು. ಚಾರ್ಲಿ ವಾಟ್ಸ್ 2021ರ ಆಗಸ್ಟ್ 24ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆದರೂ ಈ ಆಲ್ಬಮ್ಮಿನ 12 ಹಾಡುಗಳಲ್ಲಿ ಎರಡರಲ್ಲಿ ಅವರೇ ಇದ್ದಾರೆ. ಏಳನೆಯ ‘ಮೆಸ್ ಇಟ್ ಅಪ್’, ಎಂಟನೆಯ ‘ಲಿವ್ ಬೈ ದ ಸೋರ್ಡ್’. ಎರಡರದ್ದೂ ಡ್ರಮ್ 2019ರಲ್ಲಿ ಮುದ್ರಿಸಿಟ್ಟದ್ದು. ಮಿಕ್ಕ ಡ್ರಮ್ ಕೆಲಸ ಸ್ಟೀವ್ ಜೋರ್ಡನ್ ಅವರದು. ಹೊರಗಿನಿಂದ ಹಿಡಿದು ತಂದವರಲ್ಲ. 1988ರಲ್ಲಿ ರಿಚರ್ಡ್ಸ್ ಮೊದಲ ಸ್ವತಂತ್ರ ಆಲ್ಬಂ ಮಾಡಿದಾಗ ಹಾಡು ಕಟ್ಟಿದ್ದು, ನಿರ್ಮಾಣ ನೋಡಿಕೊಂಡದ್ದು ಅವರ ಜೊತೆ ಇದೇ ಜೋರ್ಡನ್. 2021ರ ಪ್ರವಾಸಕ್ಕೆ ತಾನು ಬರಲಾಗದು ಎಂದಾದಾಗ ಚಾರ್ಲಿ ಒಪ್ಪಿ ಜಾಗ ಬಿಟ್ಟುಕೊಟ್ಟದ್ದೂ ಇವರಿಗೇ.

ಒಂದೇ ಆಲ್ಬಮ್ಮಿನಲ್ಲಿ, ಒಂದೇ ಗಾಯಕ, ಒಂದೇ ಗಿಟಾರ್ ಜೋಡಿಯ ಹಿಂದೆ ಇಬ್ಬರು ಡ್ರಮ್ಮರ್‌ಗಳನ್ನು ಒಟ್ಟಿಗಿಟ್ಟು ಕೇಳುವ ಅವಕಾಶ ಅಪರೂಪ. ವ್ಯತ್ಯಾಸ ಎಲ್ಲಿದೆ ಎಂದು ಹೇಗೆ ಕೇಳಬೇಕು? ಒಂದು ಆವರ್ತವನ್ನು ಎಂಟಾಗಿ ಎಣಿಸಿ. ಸಾಮಾನ್ಯ ರಾಕ್ ಡ್ರಮ್ಮರ್ ಬಲಗೈಯಲ್ಲಿ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮೇಲೆ ಎಂಟೂ ಪೆಟ್ಟು ಬಾರಿಸುತ್ತಾನೆ. ಎಡಗೈ 3ಕ್ಕೆ ಮತ್ತು 7ಕ್ಕೆ ಸ್ನೇರ್ ಎಂಬ ಚಪ್ಪಟೆ ಡ್ರಮ್ಮಿನ ಮೇಲೆ ಬೀಳುತ್ತದೆ. ಚಾರ್ಲಿ ಆ 3 ಮತ್ತು 7ರಲ್ಲಿ ಬಲಗೈಯನ್ನು ಹೈ-ಹ್ಯಾಟ್‌ನಿಂದ ಎತ್ತಿಬಿಡುತ್ತಿದ್ದರು. ಚಿಕ್ ಚಿಕ್ ಢಪ್ ಚಿಕ್, ಚಿಕ್ ಚಿಕ್ ಢಪ್ ಚಿಕ್. ಢಪ್ ಎನ್ನುವಾಗ ಮೇಲೆ ತಗಡಿನ ಸದ್ದು ಒಂಚೂರೂ ಇಲ್ಲ, ಚರ್ಮದ ಸದ್ದು ಬರಿದೇ ನಿಲ್ಲುತ್ತದೆ. ಹಳೆಯ ಪ್ರದರ್ಶನಗಳ ವಿಡಿಯೊದಲ್ಲಿ ಬಲ ಮಣಿಕಟ್ಟನ್ನೇ ನೋಡುತ್ತ ಕೂತರೆ ಇದು ಕಣ್ಣಿಗೂ ಕಾಣುತ್ತದೆ: ಕೋಲು ಪ್ರತಿ ಢಪ್‌ಗೂ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ.

ಇದು ಬರೀ ಲಕ್ಷಣವಲ್ಲ, ಇದಕ್ಕೆ ಪರಿಣಾಮ ಇದೆ. ಕೈ ಎತ್ತಿ ಇಳಿಸುವ ಆ ಚಿಕ್ಕ ಹೊತ್ತಿನಲ್ಲಿ ಸ್ನೇರ್ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ನಿಮಿಷಕ್ಕೆ 120 ತಾಳಪೆಟ್ಟಿನ ಕಾಲಪ್ರಮಾಣದಲ್ಲಿ, ಒಂದು ತಾಳಪೆಟ್ಟಿಗೆ ಎರಡು ಎಣಿಕೆಯಂತೆ, ನಮ್ಮ ಎಂಟರಲ್ಲಿ ಒಂದು ಎಣಿಕೆ ಎಂದರೆ 250 ಮಿಲಿಸೆಕೆಂಡ್. ಅದರಲ್ಲಿ 15-20 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಕಿವಿಗೆ ತಪ್ಪು ಎನ್ನಿಸುವುದಿಲ್ಲ, ಹಾಡು ಒರಗಿಕೊಂಡು ನಡೆದಂತೆ ಅನ್ನಿಸುತ್ತದೆ. ಕಲಿಯುವವರು ಇಲ್ಲೇ ಎಡವುತ್ತಾರೆ. ಕೈ ಎತ್ತಿದ ಗಾಬರಿಗೆ 4ನೇ ಮತ್ತು 8ನೇ ಚಿಕ್ ಬೇಗ ಹೊಡೆದು ಲಯ ಓಡಿಸುತ್ತಾರೆ. ಲಯ ಎಣಿಸುವ ಮೆಟ್ರೊನೋಮ್ 80ಕ್ಕೆ ಇಟ್ಟು ಬರೀ ಬಲಗೈಯನ್ನು ‘ಒಂದು ಎರಡು ಖಾಲಿ ನಾಲ್ಕು’ ಎಂದು ಹತ್ತು ನಿಮಿಷ ಸಾಧನೆ ಮಾಡಿ ಆಮೇಲೆ ಎಡಗೈ ಸೇರಿಸಬೇಕು.

ಇನ್ನೂ ಒಂದು ಗುಟ್ಟಿದೆ. ಬೇರೆ ತಂಡಗಳಲ್ಲಿ ಎಲ್ಲರೂ ಡ್ರಮ್ಮನ್ನು ಹಿಂಬಾಲಿಸುತ್ತಾರೆ. ಸ್ಟೋನ್ಸ್‌ನಲ್ಲಿ ಚಾರ್ಲಿ ರಿಚರ್ಡ್ಸ್‌ರ ಗಿಟಾರನ್ನು ಹಿಂಬಾಲಿಸುತ್ತಿದ್ದರು, ಬಾಸ್ ಗಿಟಾರ್ ನುಡಿಸುತ್ತಿದ್ದ ಬಿಲ್ ವೈಮನ್ ಅದಕ್ಕೆ ಒಂದಿಷ್ಟು ಮುಂದೆ ಸಾಗುತ್ತಿದ್ದರು. ಇದನ್ನು ವೈಮನ್ ಅವರೇ ವಿವರಿಸಿದ್ದಾರೆ. ಮುಂದೆ ಎಳೆಯುವ ಬಾಸ್, ಹಿಂದೆ ಜಗ್ಗುವ ಡ್ರಮ್, ನಡುವೆ ಗಿಟಾರ್: ತಂಡದ ಲಯ ಸಡಿಲವಾಗಿದೆ ಎನ್ನಿಸಿದರೂ ಬಿಚ್ಚಿಹೋಗದೆ ಇದ್ದದ್ದು ಹೀಗೆ. ‘ಲಿವ್ ಬೈ ದ ಸೋರ್ಡ್’ನಲ್ಲಿ ಈ ಜೋಡಣೆ ಮತ್ತೆ ಸಿಗುತ್ತದೆ, ಏಕೆಂದರೆ 1990ರ ದಶಕದ ಆರಂಭದಲ್ಲೇ ತಂಡ ಬಿಟ್ಟಿದ್ದ ವೈಮನ್ ಆ ಒಂದು ಹಾಡಿಗೆ ಬಂದು ಬಾಸ್ ನುಡಿಸಿದ್ದಾರೆ. ಪಿಯಾನೊ ಎಲ್ಟನ್ ಜಾನ್ ಅವರದು, ಆದರೆ ಹಾಡನ್ನು ಹೊತ್ತು ನಡೆಸುವುದು ಪಿಯಾನೊ ಅಲ್ಲ. ಹೆಡ್‌ಫೋನ್ ಹಾಕಿಕೊಂಡು ಬಾಸ್ ಮತ್ತು ಸ್ನೇರ್ ಎರಡನ್ನೇ ಹಿಂಬಾಲಿಸಿ ಕೇಳಿ. ಆ ಮೇಲೆ ಮೊದಲ ಹಾಡು ‘ಆ್ಯಂಗ್ರಿ’ ಹಾಕಿ. ಜೋರ್ಡನ್ ಪೆಟ್ಟು ಸುತ್ತಿಗೆಯಲ್ಲಿ ಮೊಳೆ ಹೊಡೆದಷ್ಟು ನೇರ, ಎಲ್ಲಿ ಬೀಳಬೇಕೋ ಅಲ್ಲೇ. ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಒರಗುವಿಕೆ ಇಲ್ಲ. ಅದು ಕೊರತೆಯೋ ಗುಣವೋ ಎಂಬುದು ಹಾಡಿನ ಮೇಲೆ. ‘ಬೈಟ್ ಮೈ ಹೆಡ್ ಆಫ್’ನಂಥ ಒರಟು ಹಾಡಿಗೆ ಚಾರ್ಲಿಗಿಂತ ಜೋರ್ಡನ್ನೇ ಒಪ್ಪುತ್ತಾರೆ, ಹೇಳಿದರೆ ಹಳೆಯ ಅಭಿಮಾನಿಗಳಿಗೆ ಕೋಪ ಬರಬಹುದು. ಅದರ ನಡುವೆ ಗುರಗುಟ್ಟುವ ಬಾಸ್ ಪಾಲ್ ಮೆಕಾರ್ಟ್ನಿಯವರದು.

ಚಾರ್ಲಿ ವಾಟ್ಸ್ ವೇದಿಕೆಯಲ್ಲಿ ದಶಕಗಟ್ಟಲೆ ಬಳಸಿದ್ದು 1950ರ ದಶಕದ ಗ್ರೆಚ್ ಕಂಪನಿಯ ಒಂದು ಡ್ರಮ್ ಕಿಟ್: ಬಾಸ್ ಡ್ರಮ್, ಒಂದು ಚಿಕ್ಕ ಟಾಮ್, ಒಂದು ನೆಲದ ಟಾಮ್, ಸ್ನೇರ್. ನಾಲ್ಕೇ ಡ್ರಮ್ಮು. ಹತ್ತಾರು ಡ್ರಮ್ಮು ಸುತ್ತ ಹರಡಿಕೊಂಡು ಕೂರುವವರ ಕಾಲದಲ್ಲೂ ಅವರು ಐದನೆಯದಕ್ಕೆ ಆಸೆ ಪಡಲಿಲ್ಲ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸ್ಟೋನ್ಸ್ ನುಡಿಸಿದ್ದನ್ನು ಕೇಳಿದವರು ಈ ಊರಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಿಗೆ ನಾನು ಹೇಳುತ್ತಿರುವ ಆ ಬರಿ ಢಪ್ಪಿನ ಸದ್ದು ಗೊತ್ತು.

ಗಿಟಾರಿನ ಮಾತು. ‘ಬೆರಳು ನಡುಗಿದರೂ ಬಿಡದ ರಿಚರ್ಡ್ಸ್’ ಎಂದೆಲ್ಲ ಬರೆಯುತ್ತಾರೆ. ಸಂಧಿವಾತದಿಂದ ತಮ್ಮ ನುಡಿಸಾಣಿಕೆ ಬದಲಾಗಿದೆ ಎಂದು ಅವರೇ ಹೇಳಿಕೊಂಡಿದ್ದಾರೆ, ಆದರೆ ನೋವಿಲ್ಲ ಎಂದೂ ಹೇಳಿದ್ದಾರೆ. ಕಣ್ಣೀರು ಬೇಡ, ಶ್ರುತಿ ನೋಡಿ. 1960ರ ದಶಕದ ಕೊನೆಯಿಂದ ಅವರು ತಮ್ಮ ಅನೇಕ ಮುಖ್ಯ ಹಾಡುಗಳಿಗೆ ಬಳಸುವುದು ಓಪನ್ ಜಿ ಶ್ರುತಿ, ಅದೂ ಆರನೆಯ ತಂತಿ ಕಿತ್ತುಹಾಕಿ ಐದೇ ತಂತಿಯಲ್ಲಿ. ಕೆಳಗಿನಿಂದ ಮೇಲಕ್ಕೆ ಜಿ, ಡಿ, ಜಿ, ಬಿ, ಡಿ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ. ಗಾಂಧಾರ ಅಂತರ ಗಾಂಧಾರ. ತಂಬೂರಿಯ ಹತ್ತಿರದ ಸಂಬಂಧಿ ಎಂದರೂ ಸರಿ. ಮಾಮೂಲಿ ಗಿಟಾರಿನಲ್ಲಿ ಇದನ್ನು ಮಾಡುವುದು ಸುಲಭ: ಐದನೆಯ ತಂತಿಯನ್ನು ಎ ಯಿಂದ ಜಿ ಗೆ, ಒಂದನೆಯದನ್ನು ಇ ಯಿಂದ ಡಿ ಗೆ ಇಳಿಸಿ, ಆರನೆಯದನ್ನು ತೆಗೆಯಿರಿ. ನಡುವಿನ ಮೂರನ್ನು ಮುಟ್ಟಬೇಡಿ. ಆರನೆಯದನ್ನು ಡಿ ಗೆ ಇಳಿಸಿ ಉಳಿಸಿಕೊಂಡರೆ ಸ ಗಿಂತ ಕೆಳಗೆ ಒಂದು ದಪ್ಪ ಪ ಗುಂಯ್‌ಗುಡುತ್ತ ಕೂತು ಸ್ವರಮೇಳದ ಬುಡವನ್ನೇ ಕೆಡಿಸುತ್ತದೆ. ತೆಳು ತಂತಿಯ ಸೆಟ್ ಇದ್ದರೆ ಇಳಿಸಿದ ಎರಡೂ ತಂತಿ ಸಡಿಲವಾಗಿ ಫ್ರೆಟ್ಟಿಗೆ (ವೀಣೆಯ ಮೆಟ್ಟಿಲಿನಂಥ ಪಟ್ಟಿ) ಬಡಿದು ಝರ್ ಎನ್ನುತ್ತವೆ, ಆಗ ಸ್ವಲ್ಪ ದಪ್ಪದ 11ರ ಸೆಟ್ ಹಾಕಬೇಕು. ನುಡಿಸುವಾಗ ತೋರುಬೆರಳು ಐದೂ ತಂತಿಯ ಮೇಲೆ ಅಡ್ಡ. ಅಲ್ಲಿಂದ ಎರಡನೆಯ ತಂತಿಯನ್ನು ಒಂದು ಫ್ರೆಟ್ ಮುಂದೆ, ನಾಲ್ಕನೆಯದನ್ನು ಎರಡು ಫ್ರೆಟ್ ಮುಂದೆ ಒತ್ತಿ ಬಿಟ್ಟರೆ ಗ ಹೋಗಿ ಮ, ಪ ಹೋಗಿ ದ ಬಂದು ಮತ್ತೆ ವಾಪಸಾಗುತ್ತದೆ. ಸ್ಟೋನ್ಸ್ ಹಾಡು ಎಂದು ಎರಡು ಸೆಕೆಂಡಿನಲ್ಲಿ ಗುರುತು ಸಿಗುವುದು ಈ ಎರಡು ಬೆರಳಿನ ಏರಿಳಿತದಿಂದ. ಕೈ ಹೆಚ್ಚು ಚಾಚಬೇಕಾಗಿಲ್ಲ, ತಿರುಚಬೇಕಾಗಿಲ್ಲ. ಯೌವನದಲ್ಲಿ ಸದ್ದಿಗಾಗಿ ಆರಿಸಿದ ಶ್ರುತಿ ಈಗ ಮುದಿ ಬೆರಳಿಗೂ ಒದಗಿಬಂದಿದೆ.

ಇನ್ನು ದೋಷ. ಆಲ್ಬಮ್ಮಿನ ನಿರ್ಮಾಪಕ ಆಂಡ್ರ್ಯೂ ವಾಟ್, ಹುಟ್ಟಿದ್ದು 1990ರಲ್ಲಿ. (ವಾಟ್ಸ್ ಬೇರೆ, ವಾಟ್ ಬೇರೆ, ಅಚ್ಚಿನಲ್ಲಿ ಒಂದು ಸಕಾರ ಜಾರಿದರೆ ತೀರಿಹೋದವರು ನಿರ್ಮಾಪಕರಾಗಿಬಿಡುತ್ತಾರೆ, ಕರಡು ತಿದ್ದುವವರು ಗಮನಿಸಬೇಕು.) ಹಳೆಯ ರಾಕ್ ಗಾಯಕರಾದ ಓಝಿ ಆಸ್ಬೋರ್ನ್, ಇಗಿ ಪಾಪ್ ಅವರ ಇಳಿಗಾಲದ ಆಲ್ಬಂಗಳಿಗೂ ಇವರೇ ಕೆಲಸ ಮಾಡಿದ್ದರು. ವರ್ಷಗಟ್ಟಲೆ ಎಳೆದಾಡುತ್ತಿದ್ದ ಕೆಲಸವನ್ನು ಗಡುವು ಹಾಕಿ ಮುಗಿಸಿದ ಶ್ರೇಯಸ್ಸು ಜ್ಯಾಗರ್ ಮತ್ತು ಇವರದು. ‘ಆ್ಯಂಗ್ರಿ’, ‘ಗೆಟ್ ಕ್ಲೋಸ್’, ‘ಡಿಪೆಂಡಿಂಗ್ ಆನ್ ಯು’ ಹಾಡುಗಳಿಗೆ ಜ್ಯಾಗರ್ ಮತ್ತು ರಿಚರ್ಡ್ಸ್ ಜೊತೆ ರಚನೆಯಲ್ಲಿ ಇವರ ಹೆಸರೂ ಇದೆ. ಆಲ್ಬಂ ಆದದ್ದು ಇವರಿಂದ. ಆದರೆ ಸದ್ದನ್ನು ಅತಿಯಾಗಿ ಅದುಮಿದ್ದೂ ಇದೇ ಆಲ್ಬಮ್ಮಿನಲ್ಲಿ.

ಅದುಮುವುದು ಎಂದರೇನು? ಡಿಜಿಟಲ್ ಮುದ್ರಣಕ್ಕೆ ಸೊನ್ನೆ ಡೆಸಿಬೆಲ್ ಎಂಬ ಒಂದು ಛಾವಣಿ ಇದೆ, ಅದರ ಮೇಲೆ ಸದ್ದಿಲ್ಲ. ಹಾಡು ಜೋರಾಗಿ ಕೇಳಿಸಬೇಕೆಂದರೆ ಒಟ್ಟು ಸದ್ದನ್ನು ಮೇಲಕ್ಕೆ ತಳ್ಳಬೇಕು. ತಳ್ಳಿದಾಗ ಮೊದಲು ಛಾವಣಿಗೆ ಬಡಿಯುವುದು ಸ್ನೇರ್ ಪೆಟ್ಟಿನ ತುದಿ, ಏಕೆಂದರೆ ಹಾಡಿನಲ್ಲಿ ಎಲ್ಲಕ್ಕಿಂತ ಎತ್ತರ ಅದು, ಉಳಿಯುವುದು ಕೆಲವೇ ಮಿಲಿಸೆಕೆಂಡ್. ಲಿಮಿಟರ್ ಎಂಬ ಸಾಧನ ಆ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಜೋರು ಸಿಕ್ಕಿತು, ಪೆಟ್ಟು ಹೋಯಿತು. ಮೇಲೆ ಹೇಳಿದೆನಲ್ಲ, ಹೈ-ಹ್ಯಾಟ್ ಬಿಟ್ಟು ಸ್ನೇರ್ ಒಂದೇ ನಿಲ್ಲುವ ಆ ಗಳಿಗೆ, ಸರಿಯಾಗಿ ಅದರ ತಲೆಯೇ ಹೋಗುವುದು! ಚಾರ್ಲಿಯ ಎರಡು ಹಾಡುಗಳಿಗೆ ಇದರಿಂದ ಆದ ನಷ್ಟ ಜೋರ್ಡನ್ ಹಾಡುಗಳಿಗಿಂತ ಹೆಚ್ಚು. ‘ಮೆಸ್ ಇಟ್ ಅಪ್’ನಲ್ಲಿ ಡಿಸ್ಕೊ ಛಾಯೆಯ ನಡೆಗೆ ಮೇಲಿನಿಂದ ಇಷ್ಟೊಂದು ಪದರ ಹೇರಿದ್ದಾರೆಂದರೆ ಡ್ರಮ್ಮರ್ ಯಾರೆಂದು ಹೇಳದಿದ್ದರೆ ಗೊತ್ತಾಗುವುದೇ ಕಷ್ಟ. ನಾಲ್ಕು ನಿಮಿಷದ ಹಾಡಿನಲ್ಲಿ ಉಸಿರಾಡಲು ಕಿಟಕಿ ಇಲ್ಲ.

ಅನುಮಾನವಿದ್ದವರು ಮನೆಯಲ್ಲೇ ಪರೀಕ್ಷಿಸಬಹುದು. ಈ ಆಲ್ಬಮ್ಮಿನ ಸಿಡಿಯಿಂದ ಒಂದು ಹಾಡನ್ನು ವೇವ್ ಕಡತವಾಗಿ ತೆಗೆದು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಅದೇ ತಂಡದ 1969ರ ‘ಲೆಟ್ ಇಟ್ ಬ್ಲೀಡ್’ ಆಲ್ಬಮ್ಮಿನ ಹಳೆಯ ಸಿಡಿಯ ಒಂದು ಹಾಡನ್ನು ಕೆಳಗೆ ಇಡಿ. ಹಳೆಯದು ಮುಳ್ಳುಬೇಲಿಯಂತೆ ಕಾಣುತ್ತದೆ, ಹೊಸದು ಇಟ್ಟಿಗೆಯಂತೆ. ಕಿವಿಯಲ್ಲಿ ಹೋಲಿಸುವಾಗ ಮಾತ್ರ ಹೊಸದನ್ನು ತಗ್ಗಿಸಿ ಎರಡೂ ಸಮ ಜೋರು ಮಾಡಿಕೊಳ್ಳಲೇಬೇಕು. ಹಾಗೆ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೇಳುವವರು ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆ ಆನ್ ಇಡಲಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸರಾಸರಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ (ಕಿವಿಗೆ ಕೇಳುವ ಜೋರಿನ ಅಳತೆ ಅದು) ತರುತ್ತದೆ. ಅದುಮಿದ ಹಾಡು ಅಲ್ಲಿ ತಾನಾಗಿ ತಗ್ಗುತ್ತದೆ, ಕಳೆದುಹೋದ ಪೆಟ್ಟು ಮಾತ್ರ ಮರಳುವುದಿಲ್ಲ. ಅಂದಮೇಲೆ ಅದುಮಿ ಸಾಧಿಸಿದ್ದೇನು ಎಂಬುದು ಈ ಉದ್ಯಮದ ಯಾರಿಗೂ ಕೇಳಬೇಕೆನಿಸದ ಪ್ರಶ್ನೆ.

ಎಲ್‌ಪಿ ತಟ್ಟೆ ಕೊಳ್ಳಲು ಹೊರಟವರಿಗೂ ಒಂದು ಮಾತು. 48 ನಿಮಿಷಕ್ಕೂ ಮೀರಿದ ಹಾಡು ಒಂದೇ ತಟ್ಟೆಯಲ್ಲಿದೆ, ಬದಿಗೆ ಆರಾರು ಹಾಡು, ಸುಮಾರು 24 ನಿಮಿಷ. ರಾಕ್ ಸಂಗೀತಕ್ಕೆ ಬದಿಗೆ 20 ನಿಮಿಷದ ಆಸುಪಾಸು ಅನುಕೂಲ. ಹೆಚ್ಚಾದಷ್ಟೂ ಗೀರುಗಳನ್ನು ಒತ್ತೊತ್ತಾಗಿ, ಸದ್ದು ತಗ್ಗಿಸಿ ಕೊರೆಯಬೇಕು. ಅದಕ್ಕೆ ಮೇಲೆ, ನಿಮಿಷಕ್ಕೆ 33⅓ ಸುತ್ತಿನಲ್ಲಿ ತಟ್ಟೆಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಹಾಯುತ್ತದೆ, ಒಳಗಿನ ಕೊನೆಯಲ್ಲಿ ಸುಮಾರು 21 ಸೆಂ.ಮೀ. ಮಾತ್ರ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಾಗ ಸಕಾರಗಳು ಸೀಳುತ್ತವೆ, ತಾಳದ ತಟ್ಟೆ ಕರಕರ ಎನ್ನುತ್ತದೆ. ಎರಡನೆಯ ಬದಿಯಲ್ಲಿ ಆ ಇಕ್ಕಟ್ಟಿಗೆ ಸಿಕ್ಕುವುದು 7 ನಿಮಿಷ 22 ಸೆಕೆಂಡಿನ ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’, ಆಲ್ಬಮ್ಮಿನ ಶಿಖರ. ಸ್ಟೀವಿ ವಂಡರ್ ಕೀಬೋರ್ಡು, ಲೇಡಿ ಗಾಗಾ ದನಿ, ಹಿತ್ತಾಳೆ ವಾದ್ಯ ಎಲ್ಲ ಸೇರಿ ಏರುವ ಹಾಡು, ಮುಗಿಯಿತು ಎನ್ನುವಾಗ ಮತ್ತೆ ಎದ್ದು ನಿಲ್ಲುತ್ತದೆ. ಮುಳ್ಳು ಹಿಡಿದಿರುವ ಕಾರ್ಟ್ರಿಜ್ ಓರೆಯಾಗಿದ್ದರೆ ಗಾಗಾ ಎತ್ತರಕ್ಕೆ ಹೋದಲ್ಲೆಲ್ಲ ಒಡೆಯುತ್ತದೆ. ತಟ್ಟೆ ಕೆಟ್ಟದ್ದೆಂದು ಅಂಗಡಿಗೆ ವಾಪಸ್ ಒಯ್ಯುವ ಮೊದಲು ಕೋನ ಅಳೆಯುವ ಪ್ರೊಟ್ರ್ಯಾಕ್ಟರ್ ಹಾಳೆ ಇಟ್ಟು ಕಾರ್ಟ್ರಿಜ್ ಕೋನ ಸರಿಮಾಡಿ, ಮುಳ್ಳಿನ ಭಾರ ತಯಾರಕರು ಹೇಳಿದಷ್ಟೇ ಇದೆಯೇ ಚಿಕ್ಕ ತಕ್ಕಡಿಯಲ್ಲಿ ನೋಡಿ. ಹಗುರವಾದರೆ ಮುಳ್ಳು ಗೀರಿನೊಳಗೆ ಕುಣಿದು ಇನ್ನೂ ಹೆಚ್ಚು ಕೆಡಿಸುತ್ತದೆ. ಹಗುರವಿದ್ದರೆ ತಟ್ಟೆಗೆ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ.

ಅದರ ನಂತರದ ಕೊನೆಯ ಹಾಡು ಇನ್ನೂ ಒಳಗಿನ ಗೀರಿನಲ್ಲಿದ್ದರೂ ತುರುಕಲು ಸದ್ದೇ ಕಡಿಮೆ, ಹಾಗಾಗಿ ಅದಕ್ಕೆ ಈ ತಾಪತ್ರಯ ಅಷ್ಟಾಗಿ ಇಲ್ಲ. ‘ರೋಲಿಂಗ್ ಸ್ಟೋನ್ ಬ್ಲೂಸ್’, 2 ನಿಮಿಷ 41 ಸೆಕೆಂಡ್. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಷಿಕಾಗೊದ ಚೆಸ್ ಎಂಬ ರೆಕಾರ್ಡ್ ಕಂಪನಿಗೆ ಹಾಡಿದ ಹಾಡು. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಸಲ ನುಡಿಸಲು ನಿಂತ ಹುಡುಗರು ತಮ್ಮ ತಂಡಕ್ಕೆ ಹೆಸರು ತೆಗೆದುಕೊಂಡದ್ದು ಅದರಿಂದಲೇ. ಇಷ್ಟು ವರ್ಷದಲ್ಲಿ ಅದನ್ನು ಸ್ಟುಡಿಯೊ ಆಲ್ಬಮ್ಮಿನಲ್ಲಿ ಹಾಡಿರಲಿಲ್ಲ. ಇಲ್ಲಿ ಇಬ್ಬರೇ: ರಿಚರ್ಡ್ಸ್ ಗಿಟಾರು, ಜ್ಯಾಗರ್ ದನಿ ಮತ್ತು ಮೌತ್ ಆರ್ಗನ್. ಬಾಸ್ ಇಲ್ಲ, ಡ್ರಮ್ ಇಲ್ಲ. ಲಯ ಹಿಡಿಯುವವರು ಯಾರೂ ಇಲ್ಲದಿದ್ದರೂ ಗಿಟಾರು ತಾನೇ ನಿಂತು, ದನಿ ಬಂದ ಮೇಲೆ ಹೊರಡುತ್ತದೆ. ಚಾರ್ಲಿ ಹೆಚ್ಚುಕಡಿಮೆ ಅರವತ್ತು ವರ್ಷ ಹಿಂಬಾಲಿಸಿದ್ದು ಈ ಕೈಯನ್ನೇ ಎಂಬುದು ಅವರಿಲ್ಲದ ಈ ಹಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಇನ್ನು ಮುಂದೆ ಇಂಥ ಆಲ್ಬಮ್ಮಿನ ಹಾಡುಗಳ ಪಟ್ಟಿ ಅಚ್ಚು ಹಾಕುವಾಗ, ಅತಿಥಿ ತಾರೆಯರ ಹೆಸರಿಗೆ ಕೊಡುವ ಜಾಗದಲ್ಲಿ ಎರಡು ಸಾಲು ಡ್ರಮ್ಮರ್‌ಗೂ ಬಿಡಿ. ಇದಕ್ಕೆ ಬೇಕಿದ್ದದ್ದು ಇಷ್ಟೇ: 7 ಮತ್ತು 8, ಚಾರ್ಲಿ ವಾಟ್ಸ್; 12ರಲ್ಲಿ ಡ್ರಮ್ ಇಲ್ಲ; ಉಳಿದವು ಸ್ಟೀವ್ ಜೋರ್ಡನ್.

ಇತಿ,
ನಿಮ್ಮ ಓದುಗ
ಮಲ್ಲೇಶ್ವರಂ, ಬೆಂಗಳೂರು